ಅವಸರದ ನೀರು, ಶಾಲೆಯ ದಾರಿ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಊರಿನ ನಡುವೆ ದೊಡ್ಡ ನದಿಯಿಲ್ಲ, ತಲೆಯ ಮೇಲೆ ಅಣೆಕಟ್ಟಿಲ್ಲ. ಊರು ಕೂತಿರುವುದೇ ದಿಣ್ಣೆಯ ಮೇಲೆ. ಪಶ್ಚಿಮದ ಇಳಿಜಾರಿನಲ್ಲಿ ಬಿದ್ದ ಮಳೆ ವೃಷಭಾವತಿ ಕಣಿವೆ ಹಿಡಿದು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ ಕಣಿವೆಯಲ್ಲೋ ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲೋ ಇಳಿದು ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ನೀರು ನಿಲ್ಲದ ಊರು ಯಾವುದು ಎಂದು ಕೇಳಿದರೆ ಇಂಥ ಊರನ್ನೇ ತೋರಿಸಬೇಕು. ಆದರೆ 2022ರ ಸೆಪ್ಟೆಂಬರ್ ಮೊದಲ ವಾರ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು.

ಮಳೆ ಜಾಸ್ತಿಯಾಯಿತು ಎಂಬುದು ಎಲ್ಲರ ಬಾಯಲ್ಲೂ ಬರುವ ಉತ್ತರ. ಸೆಪ್ಟೆಂಬರ್ 5ರ ಬೆಳಗ್ಗೆಗೆ ಮುಗಿದ 24 ಗಂಟೆಗಳಲ್ಲಿ ನಗರದಲ್ಲಿ ಬಿದ್ದದ್ದು 131.6 ಮಿಲಿಮೀಟರ್. ದೊಡ್ಡ ಮಳೆ, ಸಂಶಯವಿಲ್ಲ. ಆದರೆ 1988ರ ಸೆಪ್ಟೆಂಬರ್ 12ರಂದು 177.6 ಮಿಲಿಮೀಟರ್, 1997ರ ಅಕ್ಟೋಬರ್ 1ರಂದು 178.9 ಮಿಲಿಮೀಟರ್ ಮಳೆ ಸುರಿದದ್ದು ಹವಾಮಾನ ಇಲಾಖೆಯ ದಾಖಲೆಯಲ್ಲಿದೆ. ಮಳೆಯ ಲೆಕ್ಕವೊಂದರಿಂದಲೇ ಈ ಒಗಟು ಬಿಡಿಸಲಾಗದು.

ಬೆಂಗಳೂರಿನವರೆಲ್ಲ ಕಂಡಿರುವ ಇನ್ನೊಂದು ಸಂಗತಿಯಿದೆ. ಸಂಜೆ ಅರ್ಧ ಗಂಟೆ ಜೋರು ಮಳೆ. ರಸ್ತೆಯಲ್ಲಿ ಮೊಣಕಾಲುದ್ದ ನೀರು, ಕೆಟ್ಟು ನಿಂತ ಸ್ಕೂಟರುಗಳು. ಮಳೆ ನಿಂತು ಎರಡು ಗಂಟೆಯಾದ ಮೇಲೆ ಅದೇ ರಸ್ತೆಗೆ ಬಂದರೆ ಕೆಸರು, ಪ್ಲಾಸ್ಟಿಕ್ ಕವರು ಬಿಟ್ಟು ಏನೂ ಇಲ್ಲ. ಅಂದರೆ ನೀರು ಹೋಗಲು ದಾರಿ ಇತ್ತು. ಬೇಕಾದ ಹೊತ್ತಿನಲ್ಲಿ ಆ ದಾರಿ ಸಾಲಲಿಲ್ಲ, ಅಷ್ಟೆ. ನಮ್ಮ ವಿಷಯದ ಗುಟ್ಟು ಈ ‘ಹೊತ್ತು’ ಎಂಬುದರಲ್ಲಿದೆ.

ಗೇಟಿನ ಬಳಿಯ ನೂಕುನುಗ್ಗಲು

ಒಂದು ಶಾಲೆಯಲ್ಲಿ 600 ಮಕ್ಕಳು, ಹೊರಗೆ ಹೋಗಲು ಒಂದೇ ಗೇಟು. ಆ ಗೇಟಿನಲ್ಲಿ ನಿಮಿಷಕ್ಕೆ 40 ಮಕ್ಕಳು ಆರಾಮವಾಗಿ ದಾಟಬಲ್ಲರು ಎಂದಿಟ್ಟುಕೊಳ್ಳೋಣ. ಹೆಡ್‌ಮೇಷ್ಟ್ರು ಒಂದೊಂದೇ ತರಗತಿ ಬಿಡುತ್ತ ಬಂದು 20 ನಿಮಿಷದಲ್ಲಿ ಶಾಲೆ ಖಾಲಿ ಮಾಡಿದರೆ ನಿಮಿಷಕ್ಕೆ 30 ಮಕ್ಕಳು ಗೇಟಿಗೆ ಬರುತ್ತಾರೆ. ಯಾರೂ ಯಾರನ್ನೂ ತಳ್ಳಬೇಕಾಗಿಲ್ಲ. ಒಂದೇ ಗಂಟೆ ಬಾರಿಸಿ ಎಲ್ಲರನ್ನೂ ಒಟ್ಟಿಗೆ ಬಿಟ್ಟರೆ? ಐದು ನಿಮಿಷದಲ್ಲಿ 600 ಮಕ್ಕಳೂ ಗೇಟಿನ ಬಳಿ ಬಂದು ಸೇರುತ್ತಾರೆ. ಅಷ್ಟರಲ್ಲಿ ಹೊರಗೆ ಹೋಗಿರುವವರು 200. ಉಳಿದ 400 ಮಕ್ಕಳು ಒಳಗೇ ಇಕ್ಕಟ್ಟಿನಲ್ಲಿ ನಿಂತಿರುತ್ತಾರೆ. ಮಕ್ಕಳ ಸಂಖ್ಯೆ ಅಷ್ಟೇ, ಗೇಟಿನ ಅಗಲವೂ ಅಷ್ಟೇ.

ನಗರದ ನೆರೆ ಎಂದರೆ ಒಳಗೆ ನಿಂತ ಆ 400. ಕಣಿವೆಯ ಮೂಲೆಮೂಲೆಯಿಂದ ಹೊರಟ ನೀರು ಒಂದು ಮೋರಿಯ ಬಾಯಿಗೆ ಬರುವಾಗ ಒಂದು ಕ್ಷಣದಲ್ಲಿ ಹರಿವು ಅತಿ ಹೆಚ್ಚಾಗಿರುತ್ತದೆ. ಅದನ್ನು ‘ತುದಿಹರಿವು’ ಎನ್ನೋಣ. ಮೋರಿ ಸಾಲುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಈ ತುದಿಹರಿವು. ದಿನದಲ್ಲಿ ಬಿದ್ದ ಒಟ್ಟು ಮಳೆಗೆ ಆ ತೀರ್ಮಾನದಲ್ಲಿ ಅಷ್ಟು ಪಾತ್ರವಿಲ್ಲ. ಅದೇ ನೀರು ಮೂರು ಗಂಟೆಗಳಲ್ಲಿ ಹರಡಿಕೊಂಡು ಬಂದರೆ ಮಳೆನೀರು ಸಾಗಿಸುವ ದೊಡ್ಡ ಚರಂಡಿಯಾದ ರಾಜಕಾಲುವೆಯ ಅರ್ಧಕ್ಕೂ ಏರದೆ ಹೋದೀತು; ಅರ್ಧ ಗಂಟೆಯಲ್ಲಿ ಬಂದರೆ ಕಟ್ಟೆ ಒಡೆದು ಮನೆಗೆ ನುಗ್ಗುತ್ತದೆ.

ಯಾರು ಅವಸರಪಡಿಸಿದರು?

ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಉಪಗ್ರಹ ಚಿತ್ರಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದ್ದಾರೆ: 1973ರಲ್ಲಿ ಬೆಂಗಳೂರಿನ ನೆಲದಲ್ಲಿ ಕಟ್ಟಡ, ರಸ್ತೆಗಳಿಂದ ಮುಚ್ಚಿದ್ದು ಶೇಕಡಾ 8ರಷ್ಟು. 2010ರ ದಶಕ ಮುಗಿಯುವ ಹೊತ್ತಿಗೆ ಅದು ಮುಕ್ಕಾಲು ಪಾಲು ಮೀರಿತ್ತು. ಮಣ್ಣಿನ ಮೇಲೆ ಬಿದ್ದ ಮಳೆ ಮೊದಲು ಇಂಗುತ್ತದೆ, ಆಮೇಲೆ ಹುಲ್ಲಿನ ಬುಡದಲ್ಲಿ ತಡವರಿಸುತ್ತ ಹರಿಯುತ್ತದೆ. ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಗಾದೆಯಲ್ಲಿರುವುದೂ ಈ ತಡವೇ. ತಾರಸಿಯ ಮೇಲೆ ಬಿದ್ದ ಮಳೆಗೆ ಈ ಯಾವ ತಡೆಯೂ ಇಲ್ಲ. ಪೈಪಿನಲ್ಲಿ ಇಳಿಯುತ್ತದೆ, ರಸ್ತೆಗೆ ಬೀಳುತ್ತದೆ, ಚರಂಡಿ ಸೇರುತ್ತದೆ.

ಚರಂಡಿಯೂ ಬದಲಾಯಿತು. ಮಣ್ಣಿನ ದಡ, ಜೊಂಡು, ಅಂಕುಡೊಂಕು ಇದ್ದ ರಾಜಕಾಲುವೆಗಳನ್ನು ನೆಟ್ಟಗೆ ಮಾಡಿ ಎರಡೂ ಕಡೆ ಕಾಂಕ್ರೀಟ್ ಗೋಡೆ ಎಬ್ಬಿಸಲಾಯಿತು. ಸರಳವಾಗಿ ಲೆಕ್ಕ ಹಾಕಿ. ಆರು ಕಿಲೋಮೀಟರ್ ದೂರವನ್ನು ನೀರು ಸೆಕೆಂಡಿಗೆ ಅರ್ಧ ಮೀಟರಿನಂತೆ ಕ್ರಮಿಸಿದರೆ 3 ಗಂಟೆ 20 ನಿಮಿಷ ಬೇಕು. ನುಣುಪಾದ ಕಾಂಕ್ರೀಟಿನಲ್ಲಿ ಸೆಕೆಂಡಿಗೆ ಮೂರು ಮೀಟರಿನಂತೆ ಓಡಿದರೆ 33 ನಿಮಿಷ ಸಾಕು. ಮೇಲಿನ ಬಡಾವಣೆಯಿಂದ ನೀರನ್ನು ಬೇಗ ಸಾಗಹಾಕಿದ್ದು ಆ ಬಡಾವಣೆಗೆ ಒಳ್ಳೆಯದೇ. ಹಾಗೆ ಹತ್ತಾರು ಬಡಾವಣೆಗಳು ಬೇಗ ಸಾಗಹಾಕಿದ ನೀರು ಈಜಿಪುರದಂಥ ತಗ್ಗಿನಲ್ಲಿ ಒಂದೇ ಹೊತ್ತಿಗೆ ಬಂದು ಸೇರುತ್ತದೆ.

ಹಳೆಯ ಊರಿನಲ್ಲಿ ಈ ಅವಸರಕ್ಕೆ ತಡೆಯಿತ್ತು, ಅದೇ ಕೆರೆಗಳ ಸರಪಳಿ. ಕೆರೆಗೆ ನೀರು ಹೊರಹೋಗುವ ಎರಡು ದಾರಿ: ಗದ್ದೆಗೆ ಬಿಡುವ ತೂಬು, ತುಂಬಿದಾಗ ಹರಿಯುವ ಕೋಡಿ. ಬೇಸಗೆಗೆ ಗದ್ದೆಗೆಲ್ಲ ನೀರು ಬಿಟ್ಟು ಕೆರೆ ತಳ ಕಾಣುತ್ತಿತ್ತು. ಮೊದಲ ದೊಡ್ಡ ಮಳೆಗಳನ್ನು ಆ ಖಾಲಿ ಹೊಟ್ಟೆ ನುಂಗುತ್ತಿತ್ತು. ತುಂಬಿದ ಮೇಲೂ ಕೆರೆಯ ವಿಸ್ತಾರ ದೊಡ್ಡದಾದ್ದರಿಂದ ನುಗ್ಗಿದ ನೀರು ಹರಡಿಕೊಂಡು ಮಟ್ಟ ಸ್ವಲ್ಪವೇ ಏರುತ್ತಿತ್ತು, ಕೋಡಿಯಲ್ಲಿ ನಿಧಾನವಾಗಿ ಹೊರಗೆ ಹೋಗುತ್ತಿತ್ತು. ಧರ್ಮಾಂಬುಧಿ ಕೆರೆ ಇದ್ದಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಉಳಿದಿರುವ ಹಲವು ಕೆರೆಗಳಲ್ಲಿ ವರ್ಷವಿಡೀ ಕೊಳಚೆಯೋ ಸಂಸ್ಕರಿಸಿದ ನೀರೋ ತುಂಬಿಯೇ ಇರುತ್ತದೆ. ವಾಕಿಂಗ್ ಹೋಗುವವರ ಕಣ್ಣಿಗೆ ತುಂಬಿದ ಕೆರೆ ಚೆಂದ. ಆದರೆ ಅಂಥ ಕೆರೆಯ ಹೊಟ್ಟೆಯಲ್ಲಿ ಮಳೆಗೆ ಜಾಗವಿಲ್ಲ. ಕೆರೆ ಅಭಿವೃದ್ಧಿಯ ಕಾಮಗಾರಿಗಳಲ್ಲಿ ಈ ವಿಷಯಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ ಎಂದೇ ನನ್ನ ಅಭಿಪ್ರಾಯ.

ಮಗು ನಡೆಯುವುದು ಚರಂಡಿಯ ಮುಚ್ಚಳದ ಮೇಲೆ

ಇದಕ್ಕೂ ಮಕ್ಕಳು ಶಾಲೆಗೆ ನಡೆದು ಹೋಗುವ ದಾರಿಗೂ ಏನು ಸಂಬಂಧ? ಬೆಂಗಳೂರಿನ ಯಾವುದೇ ಹಳೆಯ ಬಡಾವಣೆಯ ಫುಟ್‌ಪಾತನ್ನು ಬಗ್ಗಿ ನೋಡಿದರೆ ತಿಳಿಯುತ್ತದೆ. ಅದು ಚರಂಡಿಯ ಮೇಲೆ ಹಾಸಿದ ಚಪ್ಪಡಿ ಕಲ್ಲುಗಳ ಸಾಲು. ರಸ್ತೆಯ ನೀರು ಚರಂಡಿಗೆ ಇಳಿಯಲು ಅಂಚುಗಲ್ಲಿನಲ್ಲಿ ಅಲ್ಲಲ್ಲಿ ಗೇಣಗಲದ ಕಿಂಡಿಗಳಿರುತ್ತವೆ. ಏಪ್ರಿಲ್ ಮಳೆಗೆ ಹೊಂಗೆಯ ಹೂವು ಉದುರಿ ಬಂದು ಆ ಕಿಂಡಿಯ ಬಾಯಲ್ಲಿ ಮೆತ್ತೆಯಂತೆ ಕೂರುತ್ತದೆ, ಅದರ ಮೇಲೆ ಗುಟ್ಕಾ ಚೀಟಿ, ಹಾಲಿನ ಕವರು. ಹೂಳೆತ್ತಲು ಬಂದವರು ಎಬ್ಬಿಸಿದ ಚಪ್ಪಡಿ ಎಷ್ಟೋ ಸಲ ಮತ್ತೆ ತನ್ನ ಜಾಗಕ್ಕೆ ಸರಿಯಾಗಿ ಕೂರುವುದಿಲ್ಲ; ಒಂದು ಮೂಲೆ ಎದ್ದು ನಿಲ್ಲುತ್ತದೆ, ಪಕ್ಕದ್ದು ಮುರಿದು ಒಳಗೆ ಬಿದ್ದಿರುತ್ತದೆ. ಬ್ಯಾಗು ಹೊತ್ತ ಹುಡುಗಿ ಅಲ್ಲಿಗೆ ಬಂದಾಗ ಏನು ಮಾಡುತ್ತಾಳೆ? ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿಯುತ್ತಾಳೆ. ಅವಳ ಬೆನ್ನ ಹಿಂದಿನಿಂದ ವಾಹನಗಳು ಬರುತ್ತಿರುತ್ತವೆ.

ಮಳೆ ಬಂದಾಗ ಆ ಕುಳಿ ಕಾಣುವುದೇ ಇಲ್ಲ. 2009ರಲ್ಲಿ, ಮತ್ತೆ 2014ರಲ್ಲಿ, ಇದೇ ಊರಿನಲ್ಲಿ ಪುಟ್ಟ ಮಕ್ಕಳು ತೆರೆದ ಚರಂಡಿಗೆ ಬಿದ್ದು ಕೊಚ್ಚಿಹೋದರು. ಇದನ್ನು ಬರೆಯುವಾಗಲೂ ಕೈ ತಡೆಯುತ್ತದೆ. ಬೆಂಗಳೂರಿನ ಗುಡುಗು ಮಳೆಯ ಹೊತ್ತೂ ಮಕ್ಕಳ ಪಾಲಿಗೆ ಕೆಟ್ಟದ್ದು. ಹಗಲಿಡೀ ಕಾದ ನೆಲದಿಂದ ಬಿಸಿಗಾಳಿ ಮೇಲೇರಿ ಮೋಡ ಕಟ್ಟಿ ಸುರಿಯುವ ಮಳೆ ಹೆಚ್ಚಾಗಿ ಮಧ್ಯಾಹ್ನ ಕಳೆದ ಮೇಲೆ, ಸಂಜೆಗೆ ಬರುತ್ತದೆ. ಶಾಲೆ ಬಿಡುವ ಹೊತ್ತೂ ಅದೇ.

ಹರಿಯುವ ನೀರಿನಲ್ಲಿ ಅಪಾಯಕ್ಕೆ ಆಳವೊಂದೇ ಕಾರಣವಲ್ಲ. ನೀರಿನ ವೇಗ ಇಮ್ಮಡಿಯಾದರೆ ಕಾಲಿನ ಮೇಲೆ ಅದು ಹಾಕುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆಸ್ಟ್ರೇಲಿಯಾದ ಎಂಜಿನಿಯರುಗಳು ಬಳಸುವ ಮಳೆನೀರಿನ ಮಾರ್ಗಸೂಚಿಯ ಪ್ರಕಾರ ನೀರಿನ ಆಳವನ್ನು (ಮೀಟರಿನಲ್ಲಿ) ವೇಗದಿಂದ (ಸೆಕೆಂಡಿಗೆ ಇಷ್ಟು ಮೀಟರ್) ಗುಣಿಸಿದಾಗ 0.4 ದಾಟಿದರೆ ಮಕ್ಕಳು ಕಾಲೂರಿ ನಿಲ್ಲುವುದು ಕಷ್ಟ. ಇಳಿಜಾರು ರಸ್ತೆಯಲ್ಲಿ ಸೆಕೆಂಡಿಗೆ ಎರಡು ಮೀಟರ್ ವೇಗದ ನೀರು ಇಪ್ಪತ್ತು ಸೆಂಟಿಮೀಟರ್ ಆಳವಿದ್ದರೆ ಸಾಕು, ಆ ಗಡಿ ಮುಟ್ಟುತ್ತದೆ. ಅಂದರೆ ಒಂದು ಗೇಣಷ್ಟು ಆಳ. ದೊಡ್ಡವರು ಪ್ಯಾಂಟು ಮಡಚಿ ದಾಟಿಬಿಡುವ ನೀರು.

ವೇಗ ಇಮ್ಮಡಿಯಾದರೆ ನಾಲ್ಕು ಪಟ್ಟು ಎಂಬ ಲೆಕ್ಕ ವಾಹನಕ್ಕೂ ಅನ್ವಯಿಸುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಬ್ರೇಕು ಒತ್ತಿದ ಮೇಲೆ ನಿಲ್ಲಲು, 30 ಕಿಲೋಮೀಟರ್ ವೇಗದ ಕಾರಿಗಿಂತ ನಾಲ್ಕು ಪಟ್ಟು ದೂರ ಬೇಕು. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ದೇಶಗಳು, ನಡೆಯುವವರೂ ವಾಹನಗಳೂ ಬೆರೆಯುವ ಕಡೆ ಗಂಟೆಗೆ 30 ಕಿಲೋಮೀಟರ್ ಮಿತಿ ಇರಲಿ ಎಂದು ಘೋಷಿಸಿದ್ದು ಈ ಭೌತವಿಜ್ಞಾನವನ್ನು ನಂಬಿಯೇ. ಶಾಲೆಯ ದಾರಿಯಲ್ಲಿ ನೀರೂ ನಿಧಾನವಾಗಬೇಕು, ಚಕ್ರವೂ ನಿಧಾನವಾಗಬೇಕು. ಎರಡನ್ನೂ ಒಂದೇ ಕಾಮಗಾರಿಯಲ್ಲಿ ಮಾಡಲು ಸಾಧ್ಯವಿದೆ.

ರಸ್ತೆಯ ಮೂಲೆ ಉಬ್ಬಿದಾಗ

ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ ಸಿಸ್ಕಿಯು ಎಂಬ ಸಾಧಾರಣ ವಸತಿ ಬೀದಿಯಿದೆ. 2003ರಲ್ಲಿ ಅಲ್ಲಿ ವಾಹನ ನಿಲ್ಲಿಸುವ ಜಾಗದ ಒಂದು ತುಣುಕನ್ನು ತೆಗೆದುಕೊಂಡು, ಫುಟ್‌ಪಾತಿನ ಅಂಚನ್ನು ರಸ್ತೆಯ ಕಡೆಗೆ ಉಬ್ಬಿಸಿ, ಒಳಗೆ ತಗ್ಗು ತೋಡಿ ಗಿಡ ನೆಟ್ಟರು. ರಸ್ತೆಯಂಚಿನಲ್ಲಿ ಹರಿದು ಬರುವ ಮಳೆನೀರು ಕಿಂಡಿಯ ಮೂಲಕ ಆ ತಗ್ಗಿಗೆ ನುಗ್ಗುತ್ತದೆ. ಗಿಡಗಳ ನಡುವೆ ಅಡ್ಡಲಾಗಿ ಇಟ್ಟ ಸಣ್ಣ ಕಟ್ಟೆಗಳು ಅದನ್ನು ಹಂತಹಂತವಾಗಿ ತಡೆಯುತ್ತವೆ. ಸ್ವಲ್ಪ ಇಂಗುತ್ತದೆ, ತುಂಬಿ ಉಳಿದದ್ದು ಮಾತ್ರ ಚರಂಡಿಗೆ.

ಅದೇ ಉಬ್ಬಿನಿಂದ ರಸ್ತೆ ಆ ಜಾಗದಲ್ಲಿ ಕಿರಿದಾಗುತ್ತದೆ. ಕಿರಿದಾದ ಕಡೆ ಚಾಲಕ ತಾನಾಗಿಯೇ ವೇಗ ತಗ್ಗಿಸುತ್ತಾನೆ. ದಾಟುವ ಮಗು ವಾಹನಗಳಿಗೆ ಎದುರಾಗಿ ಇರುವ ದೂರ ಕಡಿಮೆಯಾಗುತ್ತದೆ, ನಿಂತ ಕಾರುಗಳ ಮರೆಯಿಂದ ಹೊರಬಂದು ನಿಲ್ಲುವುದರಿಂದ ಚಾಲಕನ ಕಣ್ಣಿಗೂ ಬೀಳುತ್ತದೆ. ನಮ್ಮ ಶಾಲೆಗಳ ಎದುರು ಹಾಕುವ ಡುಬ್ಬಕ್ಕೆ ಖರ್ಚಾಗುವ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಇಂಥ ಮೂಲೆಗಳನ್ನು ಮಾಡಬಹುದು. ಬಣ್ಣ ಮಾಸಿದ ಡುಬ್ಬಕ್ಕಿಂತ ಇದು ಎಷ್ಟೋ ಮೇಲು.

ಒಂದಡಿ ತಗ್ಗಿನ ಮೈದಾನ

ಇನ್ನು ಆಟದ ಬಯಲು. ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನಲ್ಲಿ 2013ರ ಕೊನೆಗೆ ಬೆಂಥೆಂಪ್ಲೇನ್ ಎಂಬ ಚೌಕ ತೆರೆಯಿತು. ಪಕ್ಕದ ವೃತ್ತಿಶಿಕ್ಷಣ ಕಾಲೇಜಿನ ವಿದ್ಯಾರ್ಥಿಗಳೂ ಅದರ ವಿನ್ಯಾಸದಲ್ಲಿ ಕೈಜೋಡಿಸಿದ್ದರು. ಅಲ್ಲಿ ಮೂರು ತಗ್ಗುಗಳಿವೆ. ಎರಡರಲ್ಲಿ ಸಾಮಾನ್ಯ ಮಳೆಗೂ ನೀರು ತುಂಬುತ್ತದೆ. ಮೂರನೆಯದು ಆಳವಾದದ್ದು, ಸುತ್ತ ಮೆಟ್ಟಿಲುಗಳಿರುವ ಆಟದ ಅಂಗಳ. ಭಾರಿ ಮಳೆ ಬಂದಾಗ ಮಾತ್ರ ಅಲ್ಲಿಗೆ ನೀರು ಬಿಡುತ್ತಾರೆ. ಒಟ್ಟು ಸುಮಾರು 17 ಲಕ್ಷ ಲೀಟರ್ ಹಿಡಿಯುತ್ತದೆ. ವರ್ಷದ ಹೆಚ್ಚಿನ ದಿನ ಅಲ್ಲಿ ಹುಡುಗರು ಬಾಸ್ಕೆಟ್‌ಬಾಲ್ ಆಡುತ್ತಾರೆ, ಮೆಟ್ಟಿಲ ಮೇಲೆ ಕೂತು ನೋಡುತ್ತಾರೆ.

ನಮ್ಮ ಲೆಕ್ಕಕ್ಕೆ ಬರೋಣ. ಅರ್ಧ ಎಕರೆ ಶಾಲಾ ಮೈದಾನ. ಅದನ್ನು ಸುತ್ತಲಿನ ನೆಲಕ್ಕಿಂತ ಒಂದಡಿ ತಗ್ಗಿಸಿದರೆ ಸುಮಾರು 6 ಲಕ್ಷ ಲೀಟರ್ ನೀರು ನಿಲ್ಲುತ್ತದೆ. ಆರು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಹೇಳುವುದಾದರೆ ನೂರು ಟ್ಯಾಂಕರ್. 50 ಮಿಲಿಮೀಟರ್ ಮಳೆ ಸುರಿದಾಗ ಮೂರು ಎಕರೆ ತಾರಸಿ, ರಸ್ತೆಗಳ ನೀರೆಲ್ಲ ಅದರಲ್ಲಿ ಹಿಡಿಯುತ್ತದೆ. ಒಂದು ಮೂಲೆಯಲ್ಲಿ ಸಣ್ಣ ತೂಬು ಇಟ್ಟು ರಾತ್ರಿಯಿಡೀ ನಿಧಾನವಾಗಿ ಹೊರಗೆ ಬಿಟ್ಟರೆ ಮರುದಿನದ ಆಟಕ್ಕೆ ಹೆಚ್ಚು ಅಡ್ಡಿಯಿಲ್ಲ. ಒಂದು ಎಚ್ಚರಿಕೆ: ಸಾವಿರಾರು ಪುಟ್ಟ ಕಾಲುಗಳು ತುಳಿದ ಕೆಂಪು ಮಣ್ಣು ಗಾರೆಯಷ್ಟು ಗಟ್ಟಿಯಾಗಿರುತ್ತದೆ, ಇಂಗುವುದನ್ನು ನಂಬಿ ಕೂರದೆ ಅಂಚಿನಲ್ಲಿ ಜಲ್ಲಿ ತುಂಬಿದ ಕಾಲುವೆ ಮಾಡಬೇಕು.

ಇದಕ್ಕಿಂತ ದೊಡ್ಡ ಷರತ್ತು ಕೊಳಚೆಯದು. ಮಳೆನೀರಿನ ಚರಂಡಿಗೆ ಪಾಯಿಖಾನೆಯ ನೀರು ಸೇರುತ್ತಿದ್ದರೆ ಅಂಥ ನೀರನ್ನು ಮಕ್ಕಳು ಬೀಳುವ, ಏಳುವ ಮೈದಾನಕ್ಕೆ ತಿರುಗಿಸುವುದು ಅಪರಾಧ. ರಾಟರ್‌ಡ್ಯಾಮಿನವರು ಶುದ್ಧ ಮಳೆನೀರನ್ನೂ ಆ ಅಂಗಳದಲ್ಲಿ 36 ಗಂಟೆಗಿಂತ ಹೆಚ್ಚು ನಿಲ್ಲಲು ಬಿಡುವುದಿಲ್ಲ. ಮೆಜೆಸ್ಟಿಕ್ ಬಳಿಯಿಂದ ಬೆಳ್ಳಂದೂರು ಕೆರೆಯವರೆಗಿನ ಸುಮಾರು 12 ಕಿಲೋಮೀಟರ್ ರಾಜಕಾಲುವೆಯನ್ನು ಸರಿಪಡಿಸಲು ಹೊರಟ ಕೆ-100 ಯೋಜನೆ ಮೊದಲು ಕೈಹಾಕಿದ್ದು ಕೊಳಚೆಯನ್ನು ಬೇರೆ ಕೊಳವೆಗೆ ತಿರುಗಿಸುವ ಕೆಲಸಕ್ಕೆ. ದಡದಲ್ಲಿ ನಡೆಯುವ ದಾರಿ ಬಂದದ್ದು ಅದರ ಜೊತೆಗೆ. ಈ ಕ್ರಮವನ್ನು ಎಲ್ಲ ಕಡೆಯೂ ಪಾಲಿಸಬೇಕು. ರಾಜಕಾಲುವೆಯ ಎರಡೂ ಬದಿ ಕಟ್ಟಡ ಕಟ್ಟದೆ ಬಿಡಬೇಕೆಂದು ನಗರದ ಮಹಾಯೋಜನೆ ಹೇಳುವ ಪಟ್ಟಿಯಿದೆಯಲ್ಲ, ನೆರೆಯ ದಿನ ನೀರಿಗೆ ಜಾಗ ಕೊಡುವುದು ಅದೇ. ಉಳಿದ ದಿನ ವಾಹನವಿಲ್ಲದ ಶಾಲಾ ದಾರಿಯಾಗಲು ಅದಕ್ಕಿಂತ ಒಳ್ಳೆಯ ಜಾಗ ಬೆಂಗಳೂರಿನಲ್ಲಿಲ್ಲ: ಅಡ್ಡರಸ್ತೆ ಕಡಿಮೆ, ಏರಿಳಿತ ಕಡಿಮೆ, ಬಡಾವಣೆಯಿಂದ ಬಡಾವಣೆಗೆ ತಾನಾಗಿಯೇ ಕೂಡಿಕೊಂಡಿದೆ. ಮೋಡ ಕವಿದಾಗ ಮುಚ್ಚಲು ಗೇಟು, ಇಳಿದವರು ಮೇಲೇರಲು ಅಲ್ಲಲ್ಲಿ ಮೆಟ್ಟಿಲು ಮಾತ್ರ ತಪ್ಪದೆ ಇರಬೇಕು.

ತಪ್ಪು ಕಡೆ ತಡೆದರೆ

ಹಾಗಾದರೆ ಪ್ರತಿ ವಾರ್ಡಿನವರೂ ತಮ್ಮ ಮೈದಾನ ತಗ್ಗಿಸಿಕೊಂಡರೆ ಆಯಿತೇ? ಇಲ್ಲ. ಇಡೀ ವಿಷಯದಲ್ಲಿ ಬಹಳ ಜನ ಗಮನಿಸದ ಸಂಗತಿ ಇದು.

ಮತ್ತೆ ಶಾಲೆಯ ಗೇಟಿಗೆ ಹೋಗೋಣ. ಗೇಟಿಗೆ ಹತ್ತಿರದ ತರಗತಿಯ ಮಕ್ಕಳನ್ನು ಬೇಗ ಬಿಟ್ಟರೆ, ಮೂರನೇ ಮಹಡಿಯವರು ಇಳಿದು ಬರುವಷ್ಟರಲ್ಲಿ ಅವರು ಆಚೆ ಹೋಗಿರುತ್ತಾರೆ. ಶಿಸ್ತಿನ ಹೆಸರಿನಲ್ಲಿ ಅವರನ್ನೇ ಹತ್ತು ನಿಮಿಷ ತಡೆದು ನಿಲ್ಲಿಸಿದರೆ, ಸರಿಯಾಗಿ ಮೇಲಿನವರು ಬರುವ ಹೊತ್ತಿಗೆ ಇವರೂ ಹೊರಡುತ್ತಾರೆ. ನೂಕುನುಗ್ಗಲು ಹೆಚ್ಚುತ್ತದೆ.

ಕಣಿವೆಯಲ್ಲೂ ಹೀಗೆಯೇ. ಕೆಳಭಾಗದ ನೀರು ಮೊದಲೇ ಹೊರಟುಹೋಗುವಂತಿರಬೇಕು. ಮೇಲ್ಭಾಗದ ನೀರನ್ನು ತಡೆದು ಬಿಡಬೇಕು. ಕೆಳಗಿನ ವಾರ್ಡು ಒಳ್ಳೆಯ ಉದ್ದೇಶದಿಂದಲೇ ತನ್ನ ನೀರನ್ನು ಒಂದು ಗಂಟೆ ಹಿಡಿದಿಟ್ಟರೆ, ಮೇಲಿನಿಂದ ಬಂದ ತುದಿಹರಿವಿಗೆ ಅದು ಸರಿಯಾಗಿ ಸೇರಿಕೊಂಡು ಇನ್ನೂ ಕೆಳಗಿನವರನ್ನು ಮುಳುಗಿಸಬಹುದು. ಎಲ್ಲಿ ಎಷ್ಟು ಹೊತ್ತು ತಡೆಯಬೇಕು ಎಂಬುದು ಇಡೀ ಕಣಿವೆಯನ್ನು ಒಂದಾಗಿ ನೋಡಿದಾಗ ಮಾತ್ರ ಹೊಳೆಯುತ್ತದೆ. 2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಐದು ನಗರಪಾಲಿಕೆಗಳು, ಮೇಲೊಂದು ಪ್ರಾಧಿಕಾರ. ನೀರು ಪಾಲಿಕೆಯ ಗಡಿ ನೋಡಿ ಹರಿಯುವುದಿಲ್ಲ. ಕಣಿವೆಯ ಲೆಕ್ಕವನ್ನು ಮೇಲಿನ ಪ್ರಾಧಿಕಾರವೇ ಇಟ್ಟುಕೊಳ್ಳಬೇಕು.

ಅಂಥ ಯೋಜನೆಗೆ ಮೊದಲು ಬೇಕಾದದ್ದು ಎರಡು ನಕ್ಷೆ: ಒಂದು ಮಕ್ಕಳು ನಡೆಯುವ ದಾರಿಯದು, ಇನ್ನೊಂದು ನೀರು ಹರಿಯುವ ದಾರಿಯದು. ಡೆನ್ಮಾರ್ಕಿನ ಓಡೆನ್ಸ್ ನಗರದಲ್ಲಿ 1970ರ ದಶಕದಲ್ಲಿ ಶಾಲಾ ದಾರಿಗಳನ್ನು ಸುಧಾರಿಸಲು ಹೊರಟವರು ಮಕ್ಕಳನ್ನೇ ಕೇಳಿದರು: ಯಾವ ರಸ್ತೆಯಲ್ಲಿ, ಯಾವ ತಿರುವಿನಲ್ಲಿ ನಿಮಗೆ ಅಪಾಯ ಅನ್ನಿಸುತ್ತದೆ? ಆ ಗುರುತುಗಳಿಂದ ಕೆಲಸ ಶುರುವಾಯಿತು. ನಮ್ಮಲ್ಲೂ ಶಿಕ್ಷಣ ಹಕ್ಕು ಕಾಯ್ದೆಯ ಆಶಯದಂತೆ ಕಿರಿಯ ಮಕ್ಕಳ ಶಾಲೆ ಮನೆಯಿಂದ ಒಂದು ಕಿಲೋಮೀಟರಿನ ಒಳಗಿರಬೇಕು, ಶಾಲೆಗೆ ಆಟದ ಮೈದಾನವಿರಬೇಕು. ಒಂದು ಕಿಲೋಮೀಟರ್ ಎಂದರೆ ನಡೆಯುವ ದೂರ. ಆ ದೂರದಲ್ಲಿ ಎಲ್ಲೆಲ್ಲಿ ಫುಟ್‌ಪಾತ್ ಬಿಟ್ಟು ಇಳಿಯಬೇಕಾಗುತ್ತದೆ ಎಂಬುದು ನಾಲ್ಕನೇ ತರಗತಿಯ ಮಗುವಿಗೆ ಗೊತ್ತಿರುವಷ್ಟು ಎಂಜಿನಿಯರಿಗೆ ಗೊತ್ತಿರುವುದಿಲ್ಲ. ಮಕ್ಕಳು ಗುರುತು ಮಾಡಿದ ನಕ್ಷೆಯ ಮೇಲೆ ನೀರು ಹರಿಯುವ ನಕ್ಷೆಯನ್ನು ಇಟ್ಟು ನೋಡಬೇಕು. ಎರಡೂ ಕೂಡುವ ಜಾಗಗಳಲ್ಲಿ ಹಾಕಿದ ದುಡ್ಡು ಎರಡು ಕೆಲಸ ಮಾಡುತ್ತದೆ.

ಆದರೆ ಎರಡನೆಯ ನಕ್ಷೆ ಇನ್ನೊಂದು ಸತ್ಯವನ್ನೂ ತೋರಿಸುತ್ತದೆ. ಕೋರಮಂಗಲ ಕಣಿವೆಯ ತಲೆಗಿರುವ ಹಳೇ ಪೇಟೆಯ ಸುತ್ತಮುತ್ತ ತಡೆದ ನೀರಿನ ಪ್ರಯೋಜನ ಸಿಗುವುದು ಮೈಲಿಗಟ್ಟಲೆ ಕೆಳಗಿನ ಈಜಿಪುರದ ಮಕ್ಕಳಿಗೆ. ಎತ್ತರದಲ್ಲಿರುವ ಶಾಲೆಯ ಅಂಗಳಕ್ಕೆ ನೆರೆ ಬರುವುದಿಲ್ಲ, ಹಾಗಾಗಿ ಮೈದಾನ ತಗ್ಗಿಸಿ ಎಂದು ಅಲ್ಲಿನ ಪೋಷಕರು ಕೇಳಲಾರರು. ತಗ್ಗಿನಲ್ಲಿರುವ ಶಾಲೆಯವರು ಎಷ್ಟು ಕೇಳಿದರೂ ಆ ಕೆಲಸ ಅವರ ವಾರ್ಡಿನಲ್ಲಿ ಆಗುವಂಥದ್ದಲ್ಲ. ಹಣ ಕೆಳಗಿನಿಂದ ಮೇಲಕ್ಕೆ ಹೋಗಬೇಕು: ಮೇಲಿನ ಶಾಲೆಗೆ ಮೆಟ್ಟಿಲಿನ ಅಂಗಳ, ಹೊಸ ಕಾಂಪೌಂಡು, ನೆರಳಿನ ಮರ, ತೂಬನ್ನು ಪ್ರತಿ ಮಳೆಗೆ ಮುಂಚೆ ತೆರವು ಮಾಡಲು ಸಂಬಳದ ಒಬ್ಬ ನೀರುಗಂಟಿ. ಹಳೆಯ ಕೆರೆಗಳ ತೂಬು ಎತ್ತಿ ಇಳಿಸಲು ಊರಿನವರೆಲ್ಲ ಸೇರಿ ಅಂಥವನನ್ನು ಇಟ್ಟುಕೊಳ್ಳುತ್ತಿದ್ದರು. ಅವನ ಪಾಲಿನ ಧಾನ್ಯವನ್ನು ಕೊಡುತ್ತಿದ್ದವರಲ್ಲಿ ಕೆಳಗಿನ ಗದ್ದೆಯವರೂ ಇದ್ದರು.